ಅಡುಗೆಮನೆಯಲ್ಲಿ ಹುಟ್ಟಿದ ಎಂಜಿನ್ ಮರಿ

ಮನೆಯಲ್ಲಿ ಒಬ್ಬರು ರೈಲ್ವೆ ಎಂಜಿನ್ ಕಟ್ಟುತ್ತಾ ಕೂತರೆ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಒಂದು ನಗು ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಾನೀಗ ಇರುವುದು ಜಬಲ್ಪುರದಲ್ಲಿ, ಮಗಳ ಮನೆಯಲ್ಲಿ. ಇಲ್ಲಿ ಎಲ್ಲರೂ ಒಳ್ಳೆಯವರು, ಆದರೆ ಕನ್ನಡದಲ್ಲಿ ನಗುವವರು ಕಡಿಮೆ. ಹಾಗಾಗಿ ಒಬ್ಬಳೇ ನಕ್ಕು ಜನ ಏನೋ ಅಂದುಕೊಳ್ಳುವ ಬದಲು ಬರೆದುಬಿಡುವುದು ಮೇಲು ಅನ್ನಿಸಿತು.

ಚುಕ್ಕಿ ಇಡು ಎಂದರು

ನನ್ನ ಹುಟ್ಟೂರು ಚನ್ನರಾಯಪಟ್ಟಣ. ಆಗ ಅಲ್ಲಿಗೆ ರೈಲು ಇರಲಿಲ್ಲ. ನಮ್ಮಪ್ಪ ಬಸ್ ಏಜೆಂಟರು, ರೈಲು ಬೇಕು ಅಂತ ಅವರಿಗೆ ಅನ್ನಿಸಿಯೂ ಇರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ನನ್ನನ್ನು ಹೊಳೆನರಸೀಪುರಕ್ಕೆ ಕೊಟ್ಟರು. ನಮ್ಮವರು ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅತ್ತೆ, ಇವರು, ನಾನು ಹೀಗೆ ಮೂರೇ ಜನ ಇದ್ದರೂ ಕಟ್ಟುಪಾಡು ಮಾತ್ರ ಮೂವತ್ತು ಜನರ ಮನೆಯದು. ಹಗಲು ಹೊತ್ತಿನಲ್ಲಿ ಗಂಡ ಹೆಂಡತಿ ಒಂದು ಕಡೆ ಕೂತು ಮಾತಾಡುವ ಹಾಗಿರಲಿಲ್ಲ. ಇವರಿಗೆ ಕಾಫಿ ಬೇಕಾದರೆ "ಅಮ್ಮ, ಕಾಫಿ ಇದೆಯಾ?" ಅಂತ ಅತ್ತೆಯನ್ನು ಕೇಳುವರು. ಅತ್ತೆ "ಕಾಫಿ ಇದೆಯಾ?" ಅಂತ ನನ್ನನ್ನು ಕೇಳುವರು. ನಾನು "ಇದೆ" ಅಂದರೆ ಅದು ಅದೇ ದಾರಿಯಲ್ಲಿ ವಾಪಸು ಹೋಗಬೇಕು. ಅಷ್ಟರಲ್ಲಿ ಕಾಫಿ ಆರಿರುತ್ತಿತ್ತು.

ಮದುವೆಯಾಗಿ ಸ್ವಲ್ಪ ದಿನಕ್ಕೆ ತಿಳಿಯಿತು, ಇವರು ತಗಡಿನಲ್ಲಿ ಒಂದೂವರೆ ಗೇಣಿನ ರೈಲ್ವೆ ಎಂಜಿನ್ ಕಟ್ಟುತ್ತಿದ್ದಾರೆ ಅಂತ. ಹೊಳೆನರಸೀಪುರದ ಸ್ಟೇಷನ್ನಿಗೆ ಬರುವ ಮೈಸೂರು ಗಾಡಿಯ ಎಂಜಿನ್ನೇ ಮಾದರಿ. ಒಂದು ದಿನ ಅಡುಗೆಮನೆ ಬಾಗಿಲಿಗೆ ಬಂದು ಒಂದು ತುಂಡು ತಗಡು, ಒಂದು ದಬ್ಬಳ ಇಟ್ಟು, ಗೋಡೆಯನ್ನು ನೋಡಿಕೊಂಡು, "ಇದರ ಮೇಲೆ ಚುಕ್ಕಿ ಇಡೋಕೆ ಬರುತ್ತಾ? ಹಿಂದಿನಿಂದ ಒತ್ತಬೇಕು, ಮುಂದೆ ಉಬ್ಬಬೇಕು" ಅಂದರು. ನನಗೆ ಚುಕ್ಕಿ ಇಡೋಕೆ ಬರುತ್ತಾ ಅಂತ ಕೇಳಿದರೆ ಏನು ಹೇಳಲಿ? ಮಣೆಯ ಮೇಲೆ ತಗಡಿಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತು ಮುಗಿಸಿದೆ.

ಅವರಿಗೆ ಬೇಕಾಗಿದ್ದದ್ದು ಎಂಜಿನ್ನಿನ ಹಿಂದೆ ಕಲ್ಲಿದ್ದಲು ತುಂಬುವ ತೊಟ್ಟಿಯ ಪಕ್ಕದ ತಗಡು. ನಿಜವಾದ ತೊಟ್ಟಿಯ ಮೇಲೆ ರಿವೆಟ್ ಮೊಳೆಗಳ ತಲೆಗಳು ನೆಟ್ಟಗೆ ಸಾಲಾಗಿ ಕಾಣುತ್ತವಲ್ಲ, ಅದಕ್ಕೆ ಆ ಚುಕ್ಕಿ. ಅದನ್ನು ಅವರು ಹೇಳಲಿಲ್ಲ. ನಾನು ಇಟ್ಟದ್ದು ರಂಗೋಲಿಯ ಚುಕ್ಕಿ, ಏಳರಿಂದ ಒಂದಕ್ಕೆ ಇಳಿಯುವ ಸಂದು ಚುಕ್ಕಿ. ಎರಡೂ ಕೊನೆಗೆ ಅಂದವಾಗಿರಲಿ ಅಂತ ಒಂದೊಂದು ತಾವರೆ.

ಇವರು ತಗಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಅಂತ ನಾನು ಸೆರಗು ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಮೊದಲ ಸಲ ನನ್ನ ಮುಖ ನೋಡಿ ಕೇಳಿದರು.

"ಚೆನ್ನಾಗಿದೆ. ಆ ಕಡೆ ಪಕ್ಕಕ್ಕೆ ಏನು ಬಿಡಿಸ್ತೀಯ, ತೊಟ್ಟಿಲಾ?"

ಸುಣ್ಣ

ಅಲ್ಲಿಂದ ನಾನು ಎಂಜಿನ್ ಕೆಲಸಕ್ಕೆ ಸೇರಿದೆ. ಬೆಸುಗೆ ಹಾಕುವಾಗ ಒಬ್ಬರು ಇಕ್ಕಳದಲ್ಲಿ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಕಾದ ಕಡ್ಡಿ ಮುಟ್ಟಿಸಬೇಕು. ಇದ್ದಿಲ ಒಲೆ ಇರುವುದು ಅಡುಗೆಮನೆಯಲ್ಲಿ, ಒಲೆಯ ಮುಂದೆ ಇರುವವಳು ನಾನು. ಅತ್ತೆ ಏನೂ ಹೇಳುವ ಹಾಗಿರಲಿಲ್ಲ. ಎಂಜಿನ್ನಿನ ಮೇಲೆ ಕಣ್ಣಿಟ್ಟುಕೊಂಡೇ ನಾವು ಮಾತಾಡುವುದು ಕಲಿತೆವು. ನನ್ನ ತವರಿನ ಸುದ್ದಿ, ಅವರ ಸ್ಕೂಲಿನ ಸುದ್ದಿ, ನನಗೆ ಯಾವ ಹೂವು ಇಷ್ಟ ಅನ್ನುವುದು, ಎಲ್ಲ ಆ ತಗಡಿನ ಮೇಲೆಯೇ ನಡೆಯಿತು. ಆ ಎಂಜಿನ್ ಇಲ್ಲದಿದ್ದರೆ ನಾನು ನನ್ನ ಗಂಡನ ದನಿಯನ್ನು ಮೂವತ್ತು ವರ್ಷ ಕಳೆದರೂ ಸರಿಯಾಗಿ ಕೇಳುತ್ತಿದ್ದೆನೋ ಇಲ್ಲವೋ.

ಆದರೆ ಎಂಜಿನ್ ಬೆಳೆದ ಹಾಗೆಲ್ಲ ಅಡುಗೆಮನೆ ಸೊರಗಿತು. ತುಪ್ಪದ ಡಬ್ಬಿ ಬಾಯ್ಲರ್ ಆಯಿತು. ನನ್ನ ಹೇರ್‌ಪಿನ್ನುಗಳು ಡ್ರೈವರು ಹಿಡಿದುಕೊಂಡು ಹತ್ತುವ ಕಂಬಿಗಳಾದವು. ಒಂದು ದಿನ ಊಟವಾದ ಮೇಲೆ ಅತ್ತೆ ಎಲೆಗೆ ಸುಣ್ಣ ಹಚ್ಚಲು ನೋಡಿದರೆ ಅವರ ಹಿತ್ತಾಳೆ ಸುಣ್ಣದ ಡಬ್ಬಿ ಇಲ್ಲ. ಮನೆಯೆಲ್ಲ ಹುಡುಕಿ ಕೊನೆಗೆ ಅದು ಸಿಕ್ಕಿದ್ದು ಎಂಜಿನ್ನಿನ ನೆತ್ತಿಯ ಮೇಲೆ. ಬಾಯ್ಲರ್ ಮೇಲೆ ಗುಮ್ಮಟದ ಹಾಗೆ ಒಂದು ಇರುತ್ತದಲ್ಲ, ಅದಾಗಿ ಬೆಸುಗೆ ಬಿದ್ದು ಕೂತಿತ್ತು.

ಅತ್ತೆ ಕಿತ್ತು ನೋಡಿದರು, ಬರಲಿಲ್ಲ. ಮುಚ್ಚಳ ಮಾತ್ರ ತೆರೆಯಿತು. ಒಳಗೆ ಸುಣ್ಣ ಇದ್ದ ಹಾಗೇ ಇತ್ತು. ಸುಮ್ಮನೆ ಬೆರಳು ಹಾಕಿ ಎಲೆಗೆ ಹಚ್ಚಿಕೊಂಡರು. ಅಂದಿನಿಂದ ಊಟವಾದ ಮೇಲೆ "ಎಂಜಿನ್ ತಗೊಂಡು ಬಾಮ್ಮ" ಅನ್ನುವುದು ಅವರಿಗೆ ಅಭ್ಯಾಸವಾಯಿತು.

ಆದರೆ ಅದೇ ದಿನ ಒಂದು ಮಾತನ್ನೂ ಆಡಿದರು. "ನೋಡೋ, ಈ ಸಲದ ಆಯುಧಪೂಜೆಗೆ ಇದು ಓಡಬೇಕು. ಓಡಿದರೆ ಪೂಜೆ ಮಾಡ್ತೀನಿ. ಓಡದಿದ್ದರೆ ಹಳೇ ಪಾತ್ರೆಯವನ ಬುಟ್ಟಿಗೆ ಹಾಕ್ತೀನಿ. ಅಡುಗೆಮನೆ ಅಡುಗೆಮನೆ ಆಗಬೇಕು."

ಇವರು ಮೆಲ್ಲಗೆ ಕೇಳಿದರು: "ಆಮೇಲೆ ಸುಣ್ಣ?"

"ಪಾತ್ರೆಯವನನ್ನು ದಿನಾ ಬಾ ಅಂತೀನಿ."

ದರ್ಜಿ ಟೇಪು

ಓಡಬೇಕಾದರೆ ಅಳತೆ ಸರಿ ಇರಬೇಕು. ಹಾಸನಕ್ಕೆ ಒಂದು ಮದುವೆಗೆ ಹೊರಟ ದಿನ ಇವರು ಜೇಬಿನಲ್ಲಿ ದರ್ಜಿಯ ಟೇಪು ಇಟ್ಟುಕೊಂಡು ಬಂದಿದ್ದರು. ಹಾಸನದಲ್ಲಿ ಇಳಿದರೆ ಎಂಜಿನ್ ನೀರು ಕುಡಿಯುತ್ತಾ ನಿಂತಿದೆ. "ಈ ತುದಿ ಹಿಡಿದುಕೋ" ಅಂತ ನನ್ನ ಕೈಗೆ ಕೊಟ್ಟು ಇವರು ಗಾಲಿಯ ಕಡೆ ಬಗ್ಗಿದರು. ನಾನು ರೇಷ್ಮೆ ಸೀರೆ ಉಟ್ಟುಕೊಂಡು, ತಲೆ ತುಂಬ ಹೂವು ಮುಡಿದುಕೊಂಡು, ಎಂಜಿನ್ನಿನ ಪಕ್ಕ ಟೇಪು ಹಿಡಿದು ನಿಂತೆ.

ಮೇಲಿನಿಂದ ಡ್ರೈವರು ಇಣುಕಿದರು. "ಏನ್ ಸಾ, ನಮ್ ಎಂಜಿನ್ಗೆ ಅಂಗಿ ಒಲಿಸ್ತೀರಾ?"

ಇವರು ತಲೆ ಎತ್ತದೆ, "ಇಲ್ಲಪ್ಪ, ಇದರ ಮರಿ ಮಾಡ್ತಿದ್ದೀನಿ" ಅಂದರು.

ಆತ ಇಳಿದೇ ಬಂದರು. ಅರಕಲಗೂಡಿನವರಂತೆ. "ನಮ್ಮೂರ್ಗೆ ರೈಲಿಲ್ಲ ಸಾ. ನಾನು ಎಂಜಿನ್ ಓಡುಸ್ತೀನಿ ಅಂದ್ರೆ ನಮ್ಮವ್ವ ಇವತ್ತಿಗೂ ನಂಬಾಕಿಲ್ಲ. ಎಲ್ಲೋ ಓಟ್ಲಲ್ಲಿ ಒಲೆ ಉರಿಸ್ತಾವನೆ ಅಂತ ಊರೆಲ್ಲ ಏಳ್ಕಂಡು ಬತ್ತಾಳೆ" ಅಂತ ನಗುತ್ತಲೇ ತಾವೇ ಟೇಪಿನ ಇನ್ನೊಂದು ತುದಿ ಹಿಡಿದು ಗಾಲಿ, ಚಿಮಣಿ, ಮೆಟ್ಟಿಲು ಎಲ್ಲ ಅಳೆಸಿದರು. ಎಷ್ಟು ಒಳ್ಳೆಯ ಮನುಷ್ಯ ಅಂತ ಈಗಲೂ ನೆನೆಸಿಕೊಳ್ಳುತ್ತೇನೆ. ಗಾರ್ಡು ಸೀಟಿ ಊದಿದರು, ಊದಿದರು, ಕೊನೆಗೆ ಓಡಿ ಬಂದು "ಏನ್ರೀ ಇದು?" ಅಂತ ರೇಗಿದರು.

ಡ್ರೈವರು ಟೇಪು ಸುತ್ತುತ್ತಾ ಅಂದರು: "ಬಾಣಂತಿ ಕಣ್ ಸಾ. ವಸಿ ತಡೀರಿ."

ಬಣ್ಣ ಒಣಗಲಿಲ್ಲ

ಶ್ರಾವಣ ಕಳೆಯುವ ಹೊತ್ತಿಗೆ ನನಗೆ ಒಂದು ಹೊಸ ಹೆದರಿಕೆ ಶುರುವಾಯಿತು. ಓಡದಿದ್ದರೆ ಎಂಜಿನ್ ಬುಟ್ಟಿಗೆ ಹೋಗುತ್ತದೆ, ಸರಿ. ಆದರೆ ಓಡಿದರೆ? ಕೆಲಸ ಮುಗಿಯಿತು. ಎಂಜಿನ್ ಗೂಡಿನಲ್ಲಿ, ಇವರು ಜಗಲಿಯಲ್ಲಿ, ನಾನು ಒಲೆಯ ಮುಂದೆ. ಕಾಫಿ ಮತ್ತೆ ಅತ್ತೆಯ ಮೂಲಕ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಇವರಿಗೂ ಅದೇ ಅನ್ನಿಸಿರಬೇಕು. ಹಚ್ಚಿದ ಕಪ್ಪು ಬಣ್ಣವನ್ನು "ಯಾಕೋ ಮಂಕಾಗಿದೆ" ಅಂತ ಕೆರೆದು ಮತ್ತೆ ಹಚ್ಚಿದರು. ಅದೂ ಸರಿಯಿಲ್ಲ ಅಂತ ಇನ್ನೊಂದು ಸಲ.

ಹಚ್ಚಿದ ಮೇಲೆ ಎಂಜಿನ್ನನ್ನು ಮಣೆಯ ಮೇಲಿಟ್ಟು ಇಬ್ಬರೂ ಎದುರುಬದುರು ಕೂರುತ್ತಿದ್ದೆವು. ಅತ್ತೆ ಎರಡು ದಿನ ನೋಡಿದರು. ಮೂರನೆಯ ದಿನ ಬಾಗಿಲಲ್ಲಿ ನಿಂತು ಕೇಳಿದರು.

"ಏನು ಮಾಡ್ತಿದ್ದೀರಿ?"

"ಬಣ್ಣ ಒಣಗಬೇಕಮ್ಮ. ದೂಳು ಕೂರದ ಹಾಗೆ ನೋಡಿಕೋಬೇಕು."

"ಅದಕ್ಕೆ ಇಬ್ಬರು ಬೇಕೇನೋ?"

ಇವರು ಕಣ್ಣೂ ಮಿಟುಕಿಸದೆ ಹೇಳಿದರು: "ಎಂಜಿನ್ನಿಗೆ ಎರಡು ಪಕ್ಕ ಇದೆಯಲ್ಲಮ್ಮ."

ಬಾಗಿನದ ದಿನ

ಓಡಿಸಲು ಇವರು ಒಂದು ಹಳೆಯ ಅಲಾರಂ ಗಡಿಯಾರದ ಸ್ಪ್ರಿಂಗನ್ನು ಬಾಯ್ಲರಿನೊಳಗೆ ಕೂರಿಸಿದ್ದರು. ಗಂಟೆಯನ್ನೂ ತೆಗೆಯಲಿಲ್ಲ. ಸ್ಟೇಷನ್ ಗಂಟೆ ಆಗುತ್ತೆ, ಇರಲಿ ಅಂದರು. ಹಾಸನದ ಲೇತ್ ಅಂಗಡಿಯಲ್ಲಿ ಕಡೆಸಿದ ಎಂಟಾಣೆಯಗಲದ ಗಾಲಿಗಳು. ಮುರಿದ ಕೊಡೆಗಳ ಕಡ್ಡಿ ಬಿಡಿಸಿ ಉದ್ದನೆಯ ಹಲಗೆಗೆ ಹೊಡೆದದ್ದೇ ಹಳಿ.

ಮೊದಲ ಸಲ ಓಡಿಸಿ ನೋಡಬೇಕು ಅನ್ನುವಾಗ ಗೌರಿ ಬಾಗಿನ ತೆಗೆದುಕೊಂಡು ನಮ್ಮಪ್ಪ ಬಂದರು. ಬೆಳಿಗ್ಗೆ ಬರಬೇಕಾಗಿದ್ದವರು ಮಧ್ಯಾಹ್ನ ದಾಟಿದ ಮೇಲೆ ಬಂದರು. ಮೊರದ ಬಾಗಿನವನ್ನು ನನ್ನ ಕೈಗೆ ಕೊಟ್ಟು, ಅಳಿಯ ಆಟದ ಸಾಮಾನು ಮಾಡುತ್ತಾರೆ ಅನ್ನುವ ಸುದ್ದಿ ಮೊದಲೇ ಕೇಳಿದ್ದರಿಂದ ಶಲ್ಯ ಸರಿಮಾಡಿಕೊಂಡು ನೋಡಲು ಕೂತರು.

ಇವರು ಕೀಲಿ ಕೊಟ್ಟರು. ಎಂಜಿನ್ ಒಮ್ಮೆ ನಡುಗಿತು. ಗಂಟೆ ಬಾರಿಸಿತು. ಆಮೇಲೆ ಠೀವಿಯಿಂದ ಹಿಂದಕ್ಕೆ ಹೊರಟಿತು.

ಅಪ್ಪನಿಗೆ ಎಷ್ಟೋ ವರ್ಷಗಳ ಮೇಲೆ ಇಂಥ ಸಂತೋಷ ಸಿಕ್ಕಿರಬೇಕು. "ಅಳಿಯಂದಿರೇ, ತಪ್ಪು ತಿಳೀಬೇಡಿ. ಇದು ಮೈಸೂರಿಗೆ ಹೊರಟರೆ ಅರಸೀಕೆರೆಗೆ ಹೋಗುತ್ತಲ್ಲ. ಬಸ್ಸೇ ವಾಸಿ. ಮುಖ ಎಲ್ಲಿದೆಯೋ ಆ ಕಡೆ ಹೋಗುತ್ತೆ."

"ಹೌದು ಮಾವ" ಅಂತ ಇವರು ಒಪ್ಪಿಕೊಂಡರು. ಹಲ್ಲುಚಕ್ರವನ್ನು ತಿರುಗಿಸಿ ಕೂರಿಸಲು ಬಿಚ್ಚುತ್ತಾ ಬಹಳ ವಿನಯದಿಂದ ಕೇಳಿದರು: "ಇಷ್ಟು ತಡ ಯಾಕಾಯ್ತು ಮಾವ, ದಾರಿಯಲ್ಲಿ ಏನಾದರೂ?"

ಅಪ್ಪ ಕಿಟಕಿಯ ಕಡೆ ನೋಡಿದರು. "ಹಾಸನದ ಮೇಲೆ ಬಂದೆ. ಬಸ್ಸು ಶಾಂತಿಗ್ರಾಮದಲ್ಲಿ ಕೆಟ್ಟು ನಿಂತಿತ್ತು."

"ಯಾವ ಕಡೆಗೆ ಮುಖ ಮಾಡಿಕೊಂಡು, ಮಾವ?"

ನಿಂಬೆಹಣ್ಣು

ಆಯುಧಪೂಜೆ ಬಂತು. ನಡುಮನೆಯಲ್ಲಿ ಹಲಗೆ, ಹಲಗೆಯ ಮೇಲೆ ಕೊಡೆಕಡ್ಡಿ ಹಳಿ, ಹಳಿಯ ಮೇಲೆ ಎಂಜಿನ್. ಚಕ್ರ ತಿರುಗಿಸಿ ಕೂರಿಸಿದ ಮೇಲೆ ಅದು ಒಂದು ಸಲ ಮುಂದಕ್ಕೆ ಹೋಗಿತ್ತು, ಎರಡು ಸಲ ನಿಂತಲ್ಲೇ ನಿಂತಿತ್ತು.

ಅತ್ತೆ ಗಂಧ, ಕುಂಕುಮ, ಸೇವಂತಿಗೆ ಎಲ್ಲ ಇಟ್ಟರು. ದೃಷ್ಟಿಬೊಟ್ಟು ಇಡಬೇಕು ಅಂತ ಕಾಡಿಗೆ ತೆಗೆದರು. ಕಪ್ಪು ಎಂಜಿನ್ನಿನ ಮೇಲೆ ಕಾಡಿಗೆ ಕಾಣುವುದು ಎಲ್ಲಿಂದ? ಅಕ್ಕಿಹಿಟ್ಟಿನಲ್ಲಿ ಬಿಳಿಯ ಬೊಟ್ಟು ಇಟ್ಟರು. ಆಮೇಲೆ ತಟ್ಟೆಯಿಂದ ನಾಲ್ಕು ನಿಂಬೆಹಣ್ಣು ತೆಗೆದು ಗಾಲಿಗಳ ಮುಂದೆ ಇಟ್ಟರು.

"ಅಮ್ಮ, ನಿಂಬೆಹಣ್ಣು ಗಾಲಿಗಿಂತ ದೊಡ್ಡದು" ಅಂದರು ಇವರು.

"ಇರಲಿ. ನನ್ನ ತಮ್ಮನ ಲಾರಿ ನಿಂಬೆಹಣ್ಣು ತುಳಿದೇ ಹೊರಡೋದು."

"ಲಾರಿ ತುಳಿಯುತ್ತೆ. ಇದು ಹತ್ತಬೇಕು."

"ಹಾಗಾದರೆ ನೀನು ಎಂಜಿನ್ ಚಿಕ್ಕದು ಮಾಡಿದ್ದೀಯ."

ಶಾಸ್ತ್ರ ಬಿಡುವ ಹಾಗಿಲ್ಲ, ಹಣ್ಣು ಇಡುವ ಹಾಗಿಲ್ಲ. ಕೊನೆಗೆ ಅತ್ತೆ ತಾವೇ ಎದ್ದು ಹಿತ್ತಿಲಿಗೆ ಹೋಗಿ, ಗಣಿಕೆ ಗಿಡದಿಂದ ಮೆಣಸಿನ ಕಾಳಿಗಿಂತ ಸ್ವಲ್ಪ ದಪ್ಪನೆಯ ಕರಿ ಹಣ್ಣು ನಾಲ್ಕು ಕಿತ್ತು ತಂದು ಹಳಿಯ ಮೇಲೆ ಜೋಡಿಸಿದರು. "ಇದರ ಅಳತೆಗೆ ಇದೇ ನಿಂಬೆಹಣ್ಣು" ಅಂದರು.

ಇವರು ಕೀಲಿ ಕೊಟ್ಟರು. ಎಂಜಿನ್ ಹೊರಟಿತು. ಹಣ್ಣುಗಳು ಪಚಕ್ ಎಂದವು. ಗಾಲಿಗಳು ರಸದಲ್ಲಿ ಜಾರಿ ನಿಂತಲ್ಲೇ ಗಿರಗಿರ ತಿರುಗತೊಡಗಿದವು. ಕೀಲಿ ಇಳಿಯುತ್ತಿದೆ, ಎಂಜಿನ್ ಕದಲುತ್ತಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಎಂಜಿನ್ ನೋಡುತ್ತಿರಲಿಲ್ಲ, ನಮ್ಮಿಬ್ಬರನ್ನು ನೋಡುತ್ತಿದ್ದರು. ಆಮೇಲೆ ಯಾರಿಗೋ ಜಡೆ ಸರಿಮಾಡುವ ಹಾಗೆ ಕೈ ಚಾಚಿ, ಒಂದೇ ಬೆರಳಿನಿಂದ ಎಂಜಿನ್ನಿನ ಬೆನ್ನು ನೂಕಿದರು.

ಎಂಜಿನ್ ಬಿಟ್ಟ ಬಾಣವಾಯಿತು. ಹಲಗೆ ಮುಗಿಯಿತು, ಅದು ನಿಲ್ಲಲಿಲ್ಲ. ನೆಲಕ್ಕೆ ಇಳಿದು, ದೇವರ ಮುಂದಿನ ರಂಗೋಲಿಯನ್ನು ಎರಡು ಭಾಗ ಮಾಡಿ, ನೈವೇದ್ಯದ ಕೋಸಂಬರಿ ತಟ್ಟೆಗೆ ಮೂತಿ ಹಾಕಿ ನಿಂತಿತು. ನಿಂತ ಮೇಲೆ ಗಂಟೆ ಬಾರಿಸಿತು. ಇನ್ನೂ ಮಂಗಳಾರತಿ ಆಗಿರಲಿಲ್ಲ.

"ಓಡಿತು" ಅಂದರು ಅತ್ತೆ.

ಓಡಿತು. ನಾನು ನಕ್ಕೆ, ನಗು ಅರ್ಧಕ್ಕೇ ನಿಂತಿತು. ಇವರು ಎಂಜಿನ್ನಿನ ಮೂತಿಯಿಂದ ಹೆಸರುಬೇಳೆ ಬಿಡಿಸುತ್ತಾ ತಲೆ ಎತ್ತಲೇ ಇಲ್ಲ. ಕೆಲಸ ಮುಗಿದಿತ್ತು.

ಅತ್ತೆ ಕರ್ಪೂರ ಹಚ್ಚಿ, ಆರತಿ ಎತ್ತಿ, ತಟ್ಟೆ ಕೆಳಗಿಟ್ಟು ಕೂತುಕೊಂಡು ಕೇಳಿದರು: "ಅಲ್ಲ ಕಣೋ, ಎಂಜಿನ್ ಆಯ್ತು. ಜನ ಎಲ್ಲಿ ಕೂರೋದು?"

"ಜನವಾ?"

"ಮೈಸೂರು ಗಾಡಿಗೆ ಎಷ್ಟು ಡಬ್ಬಿ?"

"ಎಂಟು" ಅಂದರು ಇವರು. ಆಮೇಲೆ ತಡೆದು, "ಗಾರ್ಡಿನ ಡಬ್ಬಿ ಸೇರಿ ಒಂಬತ್ತು. ಒಂದೊಂದು ಸಲ ಹನ್ನೊಂದೂ ಇರುತ್ತೆ" ಅಂದರು.

"ಹನ್ನೊಂದೂ ಆಗಲಿ. ಕಿಟಕಿ ಒಂದೊಂದನ್ನೂ ಕೊರೀಬೇಕು, ಸರಳು ಹಾಕಬೇಕು, ಸೀಟು ಕೂರಿಸಬೇಕು. ಒಬ್ಬನ ಕೈಯಲ್ಲಿ ಆಗೋ ಕೆಲಸ ಅಲ್ಲ, ಅವಳನ್ನೂ ಕೂರಿಸಿಕೋ. ಅವಸರ ಏನೂ ಇಲ್ಲ."

ನಾನು ಆ ಹೆಂಗಸಿನ ಋಣ ತೀರಿಸಲು ಇನ್ನೊಂದು ಜನ್ಮ ಬೇಕು. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅವರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಕೋಸಂಬರಿ ತಟ್ಟೆ ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ ನಿಂತು ಹೇಳಿದರು:

"ಬಾಗಿಲು ಹಾಕಿಕೊಂಡು ಮಾಡಿ. ಬೆಸುಗೆ ಹೊಗೆ ನನಗೆ ಆಗಲ್ಲ."