ಕೋಟೆಯ ಮೇಲಿಂದ ಕೈ ಬೀಸಿದ ರೂರಿ

"ಈ ದ್ವೀಪದಲ್ಲಿ ನಾನು ಹತ್ತದ ಗುಡ್ಡ ಇನ್ನೂ ಹುಟ್ಟಿಲ್ಲ" ಎಂದು ರೂರಿ ಓಟ್ಸ್ ಗಂಜಿಯ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದ.

ಹೆಂಡತಿ ಎಫಿ ಜಗ್ಗಲಿಲ್ಲ. ಎಪ್ಪತ್ತು ದಾಟಿದ ಮಂಡಿಗೆ ಕುರಿಯ ಹಿಂದೆ ಓಡುವುದು ಒಗ್ಗುವುದಿಲ್ಲ, ಮಂದೆಯನ್ನು ಬರುವ ಸಂತೆಯಲ್ಲಿ ಮಾರಿಬಿಡೋಣ ಎಂಬುದು ಅವಳ ಹಟ. ಕುರಿಯಿಲ್ಲದ ರೂರಿ ಎಂದರೆ ತಲೆಯಿಲ್ಲದ ಬರೀ ಟೋಪಿ. ಕುರಿ ಹೋದಮೇಲೆ ಬೆಳಿಗ್ಗೆ ಏಳುವುದಾದರೂ ಯಾಕೆ ಎಂದು ಅವನಿಗೆ ನಿಜಕ್ಕೂ ಭಯವಾಗಿತ್ತು. ಕೊನೆಗೆ ಪಂದ್ಯ ಕಟ್ಟಿದರು. ಗುಡ್ಡದ ನೆತ್ತಿಯ ಹಳೇ ಕೋಟೆಗೆ ಒಬ್ಬನೇ ಹತ್ತಿ, ಯಾರ ಸಹಾಯವೂ ಇಲ್ಲದೆ ಊಟದ ಹೊತ್ತಿಗೆ ಇಳಿದು ಬಂದರೆ ಕುರಿಗಳು ಉಳಿಯುತ್ತವೆ. ಇಲ್ಲದಿದ್ದರೆ ಸಂತೆ!

ಹತ್ತುವುದೇನೋ ಹತ್ತಿದ. ದಾರಿಯುದ್ದಕ್ಕೂ ಮಂಡಿ ಅವನನ್ನು ಬೈಯಿತು, ಅವನು ಮಂಡಿಯನ್ನು ಬೈದ. ಕೋಟೆಯಲ್ಲಿ ಈಗ ಉಳಿದಿರುವುದು ಎದೆಯೆತ್ತರದ ಕಲ್ಲುಗೋಡೆ, ಒಳಹೋಗಲು ಒಂದೇ ಒಂದು ಇಕ್ಕಟ್ಟು ಬಾಗಿಲು. ರೂರಿ ಒಳನುಗ್ಗಿ, ಸೊಂಟದ ಮೇಲೆ ಕೈಯಿಟ್ಟು, ದೊರೆಯ ಗತ್ತಿನಲ್ಲಿ ಸಮುದ್ರವನ್ನು ದಿಟ್ಟಿಸಿದ. ತಿರುಗಿದರೆ ಬಾಗಿಲಲ್ಲಿ ಡ್ಯೂಕ್ ನಿಂತಿತ್ತು.

ಡ್ಯೂಕ್ ಅವರದೇ ಮಂದೆಯ ಟಗರು. ತಬ್ಬಲಿ ಮರಿಯನ್ನು ಎಫಿ ಒಲೆಯ ಪಕ್ಕ ಮಲಗಿಸಿ, ಬಾಟಲಿ ಹಾಲು ಕುಡಿಸಿ ಬೆಳೆಸಿದ್ದಳು. ಅವಳನ್ನು ಬಿಟ್ಟರೆ ಅದು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ರೂರಿ ಒಂದು ಹೆಜ್ಜೆ ಇಟ್ಟರೆ ತಲೆ ತಗ್ಗಿಸಿ ನೆಲ ಕೆರೆಯಿತು. ಗೋಡೆ ಹಾರೋಣವೆಂದರೆ ಆಚೆಗೆ ಕಡಿದಾದ ಬಂಡೆ, ಈಚೆಗೆ ಮಂಡಿ.

"ನಿಮ್ಮಪ್ಪನ್ನೇ ಕೊಂಬು ಹಿಡಿದು ಎಳ್ಕೊಂಡು ಹೋದೋನು ನಾನು" ಎಂದ ರೂರಿ. ಟಗರು ಇನ್ನಷ್ಟು ಹತ್ತಿರ ಬಂತು.

ಕೂಗಿದರೆ ಪಂದ್ಯ ಸೋತಂತೆ. ಅವನು ಕೂಗಲಿಲ್ಲ, ಕೋಟೆಯನ್ನು ಬಿಟ್ಟುಕೊಡಲೂ ಇಲ್ಲ. ಮಳೆ ಶುರುವಾದ ಮೇಲೆ, ಕೈ ಬೀಸುವುದು ಕೂಗಿದಂತೆ ಆಗುವುದಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಗೋಡೆಯಾಚೆ ಕೈ ಬೀಸಿದ.

ಆ ದ್ವೀಪದಲ್ಲಿ ಕಣ್ಣಿಗೆ ಬಿದ್ದವರಿಗೆಲ್ಲ ಕೈ ಬೀಸದಿದ್ದರೆ ಮನೆತನದ ಮಾನವೇ ಹೋಗುತ್ತದೆ. ಕೆಳಗಿನ ರಸ್ತೆಯಲ್ಲಿ ಅಂಚೆಯ ಗಾಡಿ ನಿಂತಿತು, ಕಿಟಕಿಯಿಂದ ಒಂದು ಕೈ ಬೀಸಿತು, ಗಾಡಿ ಹೊರಟೇಹೋಯಿತು. ರೂರಿ ಎರಡೂ ಕೈ ಬೀಸಿದ. ಏಡಿ ಹಿಡಿಯುವ ದೋಣಿಯವರೂ ಎರಡೂ ಕೈ ಬೀಸಿದರು. ಕೋಟು ಬಿಚ್ಚಿ ಗಾಳಿಯಲ್ಲಿ ತಿರುಗಿಸಿದ. ಚರ್ಚಿನ ಮುಂದೆ ನಿಂತಿದ್ದ ಪಾದ್ರಿ, ಸೌಜನ್ಯದಲ್ಲಿ ತಾವೇನು ಕಡಿಮೆ ಎಂದು, ಮಳೆಯಲ್ಲೇ ತಮ್ಮ ಕೋಟನ್ನೂ ಬಿಚ್ಚಿದರು! ಊರಿನವರೆಲ್ಲ ಅವನಿಗೆ ನಮಸ್ಕಾರ ಹೇಳಿ ತಂತಮ್ಮ ಊಟಕ್ಕೆ ಹೋದರು.

ಕಡೆಗೆ, ಗಂಡನ ಜೊತೆ ಟಗರೂ ಕಾಣದ್ದಕ್ಕೆ, ಎಫಿಯೇ ಬಂದಳು, ಕೈಯಲ್ಲಿ ಮೇವಿನ ಬಕೆಟ್ಟು. ಅದನ್ನು ಕುಲುಕಿದ್ದೇ ತಡ, ಡ್ಯೂಕ್ ಪುಟ್ಟ ಮರಿಯ ಹಾಗೆ ಅವಳ ಹಿಂದೆ ಹೊರಟಿತು. ಅದರ ಹಿಂದೆ, ಸಾಕಷ್ಟು ಅಂತರ ಬಿಟ್ಟು, ರೂರಿ ಹೊರಟ.

"ನಾನೇನೂ ನಿನ್ನ ಕರೀಲಿಲ್ಲ" ಎಂದ, ತೊಟ್ಟಿಕ್ಕುವ ಮೀಸೆ ಒರೆಸಿಕೊಳ್ಳುತ್ತ. "ನನ್ನ ಕಾಲಲ್ಲೇ ಹತ್ತಿದೆ, ನನ್ನ ಕಾಲಲ್ಲೇ ಇಳೀತಿದೀನಿ. ಕುರಿ ಮಾರೋ ಮಾತೇ ಇಲ್ಲ."

"ಮಾರೋದು ಬೇಡ ಬಿಡು" ಎಂದಳು ಎಫಿ. "ನನಗೂ ಹತ್ತಕ್ಕಾಗುತ್ತೆ ಅಂತ ಇವತ್ತೇ ಗೊತ್ತಾಯ್ತು. ನಾಳೆಯಿಂದ ಮಂದೆ ನಾನು ನೋಡ್ಕೋತೀನಿ. ನೀನು ಮನೇಲಿ ಆಲೂಗಡ್ಡೆ ಬೇಯಿಸಿಟ್ಟಿರು."