ಕೆಮ್ಮು ಸಹಿತ ಆವೃತ್ತಿ

ಹಾಡುವುದನ್ನು ನಿಲ್ಲಿಸಿದ ಬ್ಯಾಂಡಿನ ಹಾಡುಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಚೆನ್ನಾಗಿ ಕೇಳಿಸತೊಡಗುತ್ತವೆ ಎಂಬುದು ಈಗ ಯಾರೂ ಅಲ್ಲಗಳೆಯದ ಸಂಗತಿ. 'ಸುಟ್ಟ ಬಲ್ಬು' ಎಂಬ ಪ್ರಖ್ಯಾತ ರಾಕ್ ಬ್ಯಾಂಡಿನಲ್ಲಿ ಇಬ್ಬರು ತೀರಿಕೊಂಡು, ಒಬ್ಬನಿಗೆ ಕಿವಿ ಕೇಳಿಸದಂತಾಗಿ, ಇನ್ನೊಬ್ಬ ಈ ಮೂವರ ಮೇಲೂ ದಾವೆ ಹೂಡಿ ಕೂತ ಮೇಲೆ ಅವರ ಸಂಗೀತದ ಗುಣಮಟ್ಟ ಒಂದೇ ಸಮನೆ ಏರುತ್ತ ಬಂದಿದೆ. ಇದರ ಶ್ರೇಯಸ್ಸು ರೆಕಾರ್ಡು ಕಂಪನಿಗೆ ಸಲ್ಲಬೇಕು. ಕಂಪನಿಯು ಹಳೆಯ ರೆಕಾರ್ಡುಗಳ ಸದ್ದನ್ನು ಮೊದಲು ತೊಳೆದು ರಿಮಾಸ್ಟರ್ ಮಾಡಿತು. ಆಮೇಲೆ ರಿಮಾಸ್ಟರ್ ಮಾಡಿದ್ದನ್ನು ಪರಿಷ್ಕರಿಸಿತು. ಪರಿಷ್ಕರಿಸಿದ್ದಕ್ಕೆ 'ಅಂತಿಮ ಆವೃತ್ತಿ' ಎಂದು ಹೆಸರಿಟ್ಟು, ಅದೆಲ್ಲ ಖರ್ಚಾದ ಮೇಲೆ 'ನಿಜವಾದ ಅಂತಿಮ ಆವೃತ್ತಿ' ತಂದಿತು. ಆವೃತ್ತಿ ಬದಲಾದರೂ ಪ್ರಕಟಣೆಯ ಒಕ್ಕಣೆ ಮಾತ್ರ ಬದಲಾಗಲಿಲ್ಲ:

"ಅಭಿಮಾನಿಗಳ ಗಮನಕ್ಕೆ. ತಾವು ಈವರೆಗೆ ಕೇಳಿ ಕಣ್ಣೀರಿಟ್ಟ ಆವೃತ್ತಿಯು ಕಂಬಳಿ ಹೊದ್ದು ಹಾಡಿದಂತಿತ್ತು ಎಂದು ತಿಳಿಸಲು ವಿಷಾದಿಸುತ್ತೇವೆ. ಹೊಸ ಆವೃತ್ತಿಯಲ್ಲಿ ಕಂಬಳಿಯನ್ನು ತೆಗೆಯಲಾಗಿದೆ."

ಅಭಿಮಾನಿಗಳು, ಇಷ್ಟು ದಿನ ಕಂಬಳಿಗೆ ತಲೆದೂಗಿದೆವಲ್ಲ ಎಂದು ನಾಚಿಕೊಂಡು, ಅಂಗಡಿ ಬಾಗಿಲು ತೆಗೆಯುವ ಮೊದಲೇ ಸಾಲಾಗಿ ನಿಂತಿರುತ್ತಿದ್ದರು.

ಆ ಸಾಲಿನಲ್ಲಿ ತಪ್ಪದೆ ನಿಲ್ಲುತ್ತಿದ್ದವರಲ್ಲಿ ಕನ್ನಡಕದ ಅಂಗಡಿಯವನೂ ಒಬ್ಬ. ಆದರೆ ಅವನು ಹಾಡು ಕೇಳಲೆಂದು ರೆಕಾರ್ಡು ಕೊಳ್ಳುತ್ತಿರಲಿಲ್ಲ. ಹಾಗೆ ನೋಡಿದರೆ ಸಾಲಿನಲ್ಲಿದ್ದ ಯಾರೂ ಹಾಡು ಕೇಳಲೆಂದು ಕೊಳ್ಳುತ್ತಿರಲಿಲ್ಲ. ಅಭಿಮಾನಿ ಸಂಘದ ಪದ್ಧತಿಯಂತೆ ಪ್ರತಿಯೊಬ್ಬರೂ ಎರಡೆರಡು ಪ್ರತಿ ಕೊಳ್ಳಬೇಕು: ಒಂದು ಕವರು ಒಡೆಯದೆ ಇಡಲು, ಇನ್ನೊಂದು ಕೇಳಲು. ಕೇಳಿದರೆ ರೆಕಾರ್ಡು ಸವೆಯುತ್ತದೆ ಎಂಬ ಕಾರಣಕ್ಕೆ ಎರಡನೆಯದನ್ನೂ ಒಡೆಯದೆ ಇಡುತ್ತಿದ್ದರು. ಸಂಘದ ಅಧ್ಯಕ್ಷರಾದ ನಿವೃತ್ತ ಹಲ್ಲಿನ ಡಾಕ್ಟರ ಮನೆಯಲ್ಲಿ ಮಂಚದ ಕೆಳಗೆ, ಬೀರುವಿನ ಮೇಲೆ, ಸೊಸೆಯ ಹೊಲಿಗೆ ಯಂತ್ರದ ಹಿಂದೆ, ಎಲ್ಲೆಲ್ಲೂ ಪ್ಲಾಸ್ಟಿಕ್ ಮಿರಮಿರ ಮಿಂಚುವ ರೆಕಾರ್ಡುಗಳೇ. "ಕವರು ಒಡೆದರೆ ಮುಗೀತು ಕಣ್ರೀ," ಅನ್ನುತ್ತಿದ್ದರು ಅವರು, "ಆಮೇಲೆ ಅದು ಬರೀ ಹಾಡು."

ಸಂಘದ ನಿಯಮಾವಳಿಯಲ್ಲೂ ಇದನ್ನು ಸ್ಪಷ್ಟಪಡಿಸಲಾಗಿತ್ತು: ಯಾವ ಸದಸ್ಯನು ಧ್ವನಿಮುದ್ರಿಕೆಯ ಹೊರಹೊದಿಕೆಯನ್ನು ಭೇದಿಸುವನೋ ಆ ಸದಸ್ಯನು ಸಭೆಯಲ್ಲಿ ಮತ ಚಲಾಯಿಸುವ ಹಕ್ಕನ್ನು ಕಳೆದುಕೊಳ್ಳತಕ್ಕದ್ದು. ಇಡೀ ಸಂಘದಲ್ಲಿ ಮತದ ಹಕ್ಕಿಲ್ಲದವನು ಕನ್ನಡಕದವನೊಬ್ಬನೇ. ಅವನು ರೆಕಾರ್ಡು ಕೈಗೆ ಬಂದ ಕೂಡಲೇ, ಅಂಗಡಿ ಮೆಟ್ಟಿಲ ಮೇಲೆಯೇ, ಹಲ್ಲಿನಿಂದ ಕವರು ಹರಿಯುತ್ತಿದ್ದ. ಸಾಲಿನಲ್ಲಿದ್ದವರು ಮುಖ ಆ ಕಡೆ ತಿರುಗಿಸುತ್ತಿದ್ದರು. ಹೆಂಗಸರು ಮಕ್ಕಳ ಕಣ್ಣು ಮುಚ್ಚುತ್ತಿದ್ದರು.

ಅವನಿಗೆ ಬೇಕಾಗಿದ್ದುದು ಒಂದು ಕೆಮ್ಮು.

ನಗಬೇಡಿ. ಬ್ಯಾಂಡು ಇನ್ನೂ ಜೀವಂತವಾಗಿದ್ದ ಕಾಲದಲ್ಲಿ ಒಂದು ಹಳೆಯ ಗೋದಾಮಿನಲ್ಲಿ ಜನರ ಮುಂದೆ ಹಾಡಿ, ಅದನ್ನು ಹಾಗೇ ಮುದ್ರಿಸಿಕೊಂಡಿತ್ತು. ಅದರಲ್ಲಿ ಒಂದು ಹಾಡು ಕೊನೆಗೆ ಬರುವಾಗ ಗಿಟಾರು, ಡ್ರಮ್ಮು ಎಲ್ಲ ಒಟ್ಟಿಗೆ ನಿಂತು, ಹಾಡುಗಾರ ಉಸಿರೆಳೆದುಕೊಳ್ಳುವಷ್ಟು ಹೊತ್ತು ಇಡೀ ಗೋದಾಮು ಸ್ತಬ್ಧವಾಗುತ್ತದೆ. ಆ ಮೌನದಲ್ಲಿ ಯಾರೋ ಒಬ್ಬರು ಕೆಮ್ಮುತ್ತಾರೆ. ಆ ಒಬ್ಬರು ಕನ್ನಡಕದವನ ಅಣ್ಣ. ನೆಗಡಿಯಾಗಿದೆ, ಹೋಗಬೇಡಿ ಅಂತ ಹೆಂಡತಿ ಬಡಕೊಂಡರೂ ಕೇಳದೆ ಮಫ್ಲರ್ ಸುತ್ತಿಕೊಂಡು ಹೋಗಿದ್ದ. ಅಣ್ಣ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಫೋಟೋ ಇತ್ತು, ಅಂಗಿಗಳಿದ್ದವು, ಚಪ್ಪಲಿಯೂ ಇತ್ತು. ಅವನ ಗಂಟಲಿನಿಂದ ಹೊರಟದ್ದು ಎಂದರೆ ಈ ಲೋಕದಲ್ಲಿ ಅದೊಂದೇ ಉಳಿದಿತ್ತು.

ಅತ್ತಿಗೆ ಮೈದುನನ ಮನೆಯಲ್ಲೇ, ಅಂಗಡಿಯ ಮೇಲಿನ ಕೋಣೆಯಲ್ಲಿ ಇದ್ದರು. ದಿನಾ ಸಂಜೆ ದೀಪ ಹಾಕಿದ ಮೇಲೆ ಆ ಹಾಡು ಹಚ್ಚುವುದು, ಕೆಮ್ಮು ಬಂದ ಕೂಡಲೇ "ಬಿಸಿನೀರು ಕುಡಿದು ಹೋಗಿ ಅಂದೆ, ಕೇಳಿದ್ರಾ?" ಅಂತ ರೇಗುವುದು, ಆಮೇಲೆ ಸಮಾಧಾನವಾಗಿ ಅಡುಗೆಗೆ ಏಳುವುದು. ಅವರಿಗೆ ರಾಕ್ ಸಂಗೀತ ಕಂಡರೆ ಆಗುತ್ತಿರಲಿಲ್ಲ. ಆ ಗಲಾಟೆಯನ್ನೆಲ್ಲ, ಬಸ್ ನಿಲ್ದಾಣದಲ್ಲಿ ಕಾಯುವವರ ಹಾಗೆ, ಬೇರೆಲ್ಲೋ ನೋಡುತ್ತ ಸಹಿಸಿಕೊಳ್ಳುತ್ತಿದ್ದರು. ಹಾಕಿ ಹಾಕಿ ಕೊನೆಗೆ ರೆಕಾರ್ಡು ಅದೇ ಜಾಗದಲ್ಲಿ ಸವೆದು, ಮುಳ್ಳು ಕೆಮ್ಮಿನ ಮೇಲೆ ಹಾರಿ ಆಚೆ ಬೀಳತೊಡಗಿತು. ಹೊಸ ಪ್ರತಿ ತಂದರಾಯಿತು ಎಂದುಕೊಂಡ ಮೈದುನ.

ಹಳೆಯ ಪ್ರತಿಗಳನ್ನೆಲ್ಲ ಕಂಪನಿ ಆಗಲೇ ವಾಪಸ್ಸು ಪಡೆದು ಕರಗಿಸಿತ್ತು, ಹಾಗಾಗಿ ರಿಮಾಸ್ಟರ್ ತಂದ. ಕೆಮ್ಮಿರಲಿಲ್ಲ. ಪರಿಷ್ಕೃತ ಆವೃತ್ತಿ ತಂದ. ಅದರಲ್ಲೂ ಇಲ್ಲ. ಅಂತಿಮ ಆವೃತ್ತಿಯಲ್ಲಿ ಹಾಡುಗಾರನ ಉಸಿರೂ ಇರಲಿಲ್ಲ. ನಿಜವಾದ ಅಂತಿಮ ಆವೃತ್ತಿ ತಂದ ದಿನ ಅತ್ತಿಗೆ ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆದುಕೊಂಡು, ಸೆರಗನ್ನು ಕಿವಿಯ ಹಿಂದೆ ಸರಿಸಿ ಕೂತರು. ಮೌನ ಬಂತು. ತೊಳೆದಿಟ್ಟ ತಟ್ಟೆಯಂಥ ಮೌನ. ಮತ್ತೆ ಗಿಟಾರು ಶುರುವಾಯಿತು.

"ಎಲ್ಲಿ ನಿಮ್ಮಣ್ಣ?" ಅಂದರು ಅತ್ತಿಗೆ.

ಅತ್ತಿಗೆ ಅವತ್ತು ಅಡುಗೆಗೆ ಏಳಲಿಲ್ಲ. ಮಾರನೆಯ ದಿನ ಅಂಗಡಿಗೆ ಬೀಗ ಜಡಿದು ಕನ್ನಡಕದವನು ಕಂಪನಿಯ ಕಚೇರಿಗೆ ಹೋದ.

ಶಬ್ದ ಶುದ್ಧೀಕರಣ ವಿಭಾಗವು ನೆಲಮಾಳಿಗೆಯಲ್ಲಿತ್ತು. ಚಪ್ಪಲಿ ಹೊರಗೆ ಬಿಡಬೇಕು, ಪಿಸುಮಾತಿನಲ್ಲಿ ಆಡಬೇಕು. ಎಂಜಿನಿಯರು ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದರು. ಕಿವಿ ಕೆಡಬಾರದೆಂದು ಕೆಲಸದ ಹೊತ್ತಿನಲ್ಲಿ ಅವರು ಏನನ್ನೂ ಕೇಳುತ್ತಿರಲಿಲ್ಲ. ಪರದೆಯ ಮೇಲಿನ ಗೆರೆ ನೋಡಿಯೇ ತೊಳೆಯುತ್ತಿದ್ದರು. ಕನ್ನಡಕದವನ ಅಹವಾಲು ಕೇಳಲು ಮಾತ್ರ ಒಂದು ಕಿವಿಯ ಹತ್ತಿ ತೆಗೆದರು.

"ಕೆಮ್ಮಾ? ಹೂಂ, ಒಂದಿತ್ತು. ಜಿಡ್ಡಿನ ಹಾಗೆ ಅಂಟಿಕೊಂಡಿತ್ತು. ಕಿತ್ತು ತೆಗೆಯೋದಕ್ಕೆ ನಂಗೆ ಬೆನ್ನು ಬಿದ್ದುಹೋಯ್ತು," ಎಂದರು ಹೆಮ್ಮೆಯಿಂದ.

"ತೆಗೆದದ್ದನ್ನ ಎಲ್ಲಿಟ್ಟಿದ್ದೀರಿ ಸಾರ್?"

"ಒಳ್ಳೇ ಕತೆ ಆಯ್ತಲ್ಲ! ಮನೆ ಗುಡಿಸಿದ ಕಸಾನ ಯಾರಾದ್ರೂ ಎತ್ತಿಡ್ತಾರೇನ್ರೀ?"

"ಹೋಗಲಿ, ಮೂಲ ಟೇಪಿನಲ್ಲಿ ಇರುತ್ತಲ್ಲ?"

"ಮೂಲಕ್ಕೂ ರಿಮಾಸ್ಟರಿಗೂ ವ್ಯತ್ಯಾಸ ಇದೆ ಅಂತ ಜನ ದೂರು ಕೊಟ್ಟರು. ಅದಕ್ಕೇ ಮೂಲವನ್ನೂ ತೊಳೆದುಬಿಟ್ವಿ. ಈಗ ಎರಡೂ ಒಂದೇ. ಯಾರೂ ಬೆರಳು ತೋರಿಸೋ ಹಾಗಿಲ್ಲ."

ಆ ಹೊತ್ತಿಗೆ ಮಾರಾಟ ವಿಭಾಗದ ಮೇಡಂ, ಮುಂದಿನ ಆವೃತ್ತಿಗೆ ಏನು ನೆಪ ಸಿಗುತ್ತದೆ ಎಂದು ಕೇಳಿಕೊಂಡು ನೆಲಮಾಳಿಗೆಗೆ ಇಳಿದು ಬಂದರು. ನಿಜವಾದ ಅಂತಿಮದ ಆಚೆಗೆ ಹೋಗುವುದು ಹೇಗೆಂದು ಅವರು ತಲೆ ಕೆಡಿಸಿಕೊಂಡಿದ್ದರು. ಕೆಮ್ಮಿನ ಕತೆ ಕೇಳುತ್ತಿದ್ದಂತೆ ಅವರ ಮುಖ ಅರಳಿತು.

"ಇಷ್ಟು ವರ್ಷ ನಾವು ಅಭಿಮಾನಿಗಳಿಗೆ ಕೆಮ್ಮೇ ಕೊಟ್ಟಿಲ್ಲ ಅನ್ನಿ! ಎಂಥ ಅನ್ಯಾಯ! ವಾಪಸ್ಸು ಹಾಕೋಣ. ನಿಮ್ಮಣ್ಣಂಗೆ ನಾಳೆ ಬರೋಕೆ ಹೇಳಿ."

"ಅವನು ತೀರಿಕೊಂಡಿದ್ದಾನೆ ಮೇಡಂ. ಅದಕ್ಕೇ ನಾನು—"

"ಅಯ್ಯೋ ಪಾಪ," ಎಂದು ಮೇಡಂ ನಿಜವಾಗಿಯೂ ನೊಂದುಕೊಂಡರು. ಆಮೇಲೆ ಕಂಪನಿಯ ನಿಯಮ ವಿವರಿಸಿದರು. ಮೂಲ ಕಲಾವಿದರು ಲಭ್ಯವಿಲ್ಲದ ಪಕ್ಷದಲ್ಲಿ ಅವರ ಹತ್ತಿರದ ರಕ್ತಸಂಬಂಧಿಯು ಅವರ ಪರವಾಗಿ ಧ್ವನಿ ನೀಡಬಹುದು. ಹಾಗೆ ನೀಡಿದ ಧ್ವನಿಯನ್ನು ಎಲ್ಲ ಉದ್ದೇಶಗಳಿಗೂ ಮೂಲವೆಂದೇ ಪರಿಗಣಿಸತಕ್ಕದ್ದು. "ನೀವು ಕೆಮ್ತೀರಿ ತಾನೆ?"

"ನಂಗೆ ಕೆಮ್ಮಿಲ್ಲ ಮೇಡಂ."

"ಪ್ರಯತ್ನ ಮಾಡಿ. ನಿಮ್ಮ ಅತ್ತಿಗೆಗೋಸ್ಕರ."

ಅತ್ತಿಗೆಯ ಹೆಸರೆತ್ತಿದ ಮೇಲೆ ಅವನು ಇಲ್ಲವೆನ್ನಲಾಗಲಿಲ್ಲ. ಗಾಜಿನ ಕೋಣೆಯೊಳಗೆ ನಿಲ್ಲಿಸಿದರು. ಎಲ್ಲಿಂದಲೋ ಒಂದು ಮಫ್ಲರ್ ತರಿಸಿ ಸುತ್ತಿದರು. ಮೊದಲ ಕೆಮ್ಮು ಸುಳ್ಳುಸುಳ್ಳಾಗಿತ್ತು. ಆಮೇಲಿನದು ಬಸ್ಸಿನಲ್ಲಿ ಜಾಗ ಬಿಡಿಸಲು ಕೆಮ್ಮಿದ ಹಾಗಿತ್ತು. ಅದರ ನಂತರ ಒಂದು ಚೆನ್ನಾಗಿ ಬಂತು, ಆದರೆ ಎಂಜಿನಿಯರ ಯಂತ್ರ ಅಭ್ಯಾಸಬಲದಿಂದ ಅದನ್ನು ತಕ್ಷಣ ಒರೆಸಿಹಾಕಿತು. ಮೇಡಂ ಗಾಜಿನ ಆಚೆಯಿಂದ, "ಇನ್ನೊಂಚೂರು ಅಣ್ಣ ಇರಲಿ ಅದರಲ್ಲಿ!" ಎಂದು ಕೂಗಿದರು. ಕನ್ನಡಕದವನು ಕಣ್ಣು ಮುಚ್ಚಿದ. ಅಣ್ಣ ಆಸ್ಪತ್ರೆಯಲ್ಲಿ ಮಲಗಿ, ತನ್ನ ಕನ್ನಡಕದ ಕಡ್ಡಿ ಸಡಿಲವಾಗಿದೆ, ಸ್ವಲ್ಪ ಬಿಗಿ ಮಾಡಿಕೊಡೋ ಎಂದದ್ದು ನೆನಪಾಯಿತು. ಅದನ್ನು ಬಿಗಿ ಮಾಡಿ ತಂದುಕೊಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳು ಹೊರಗೆ ಬಾರದಿರಲಿ ಎಂದು ತಡೆದಾಗ ಕೆಮ್ಮು ಬಂತು.

"ಇದೇ!" ಎಂದರು ಮೇಡಂ. ಎಂಜಿನಿಯರು ಪರದೆಯ ಮೇಲೆ ಗೆರೆ ನೋಡಿ, "ಗಲೀಜಾಗಿದೆ," ಎಂದು ಒಪ್ಪಿಗೆ ಕೊಟ್ಟರು.

ಪ್ರಕಟಣೆ ಬಂತು. "ಅಭಿಮಾನಿಗಳ ಗಮನಕ್ಕೆ. ಈವರೆಗಿನ ಆವೃತ್ತಿಗಳೆಲ್ಲ ಕೆಮ್ಮಿಲ್ಲದೆ ನಿರ್ಜೀವವಾಗಿದ್ದವು ಎಂದು ತಿಳಿಸಲು ವಿಷಾದಿಸುತ್ತೇವೆ. ಕೆಮ್ಮು ಸಹಿತ ಆವೃತ್ತಿ ಈಗ ಲಭ್ಯ." ಕಂಪನಿಯು ಯಾರಿಗೂ ಮೋಸ ಮಾಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಕವರಿನ ಮುಖದ ಮೇಲೆಯೇ, ಬ್ಯಾಂಡಿನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, 'ಹೊಸದಾಗಿ ಕೆಮ್ಮಲಾದ ಮೂಲ ಕೆಮ್ಮು' ಎಂದು ಅಚ್ಚುಹಾಕಿಸಿತ್ತು. ಜನ ಅದನ್ನು ಓದಿದರು, ಮೆಚ್ಚಿದರು, ಎರಡೆರಡು ಕೊಂಡರು.

ಅಭಿಮಾನಿ ಸಂಘ ತುರ್ತು ಸಭೆ ಕರೆಯಿತು. ಕೆಮ್ಮಿಲ್ಲದೆ ಇಷ್ಟು ವರ್ಷ ತಾವು ಪಟ್ಟ ಪಾಡನ್ನು ಸದಸ್ಯರು ಒಬ್ಬೊಬ್ಬರಾಗಿ ಎದ್ದು ನಿಂತು ತೋಡಿಕೊಂಡರು. ಬ್ಯಾಂಕಿನವರೊಬ್ಬರಿಗೆ ಮಾತು ಮುಂದುವರಿಸಲಾಗದೆ ನೀರು ಕೊಡಬೇಕಾಯಿತು. ಅಧ್ಯಕ್ಷರು ಒಡೆಯದ ಪ್ರತಿಯನ್ನು ಕಿವಿಯ ಹತ್ತಿರ ಹಿಡಿದು, ಕೊಂಚ ಅಲ್ಲಾಡಿಸಿ, "ಅದೇ. ಯೌವನದಲ್ಲಿ ನಾನು ಕೇಳಿದ್ದ ಅದೇ ಕೆಮ್ಮು," ಎಂದು ಘೋಷಿಸಿದರು.

ಕನ್ನಡಕದವನಿಗೆ ತಡೆದುಕೊಳ್ಳಲಾಗಲಿಲ್ಲ. ಸತ್ತ ಅಣ್ಣನ ಜಾಗದಲ್ಲಿ ನಿಂತು ಕೆಮ್ಮಿ ಬಂದೆನಲ್ಲ ಎಂಬ ಸಂಕಟ ಅವನನ್ನು ವಾರವಿಡೀ ತಿನ್ನುತ್ತಿತ್ತು. ಎದ್ದು ನಿಂತು, "ಸ್ವಾಮಿ, ಅದು ಅಣ್ಣನದ್ದಲ್ಲ, ಕೆಮ್ಮಿದ್ದು ನಾನು," ಎಂದುಬಿಟ್ಟ.

ಸಭೆ ಅವನನ್ನು ಕನಿಕರದಿಂದ ನೋಡಿತು. "ಎಷ್ಟೆಂದರೂ ಕವರು ಒಡೆಯೋ ಮನುಷ್ಯ," ಎಂದರು ಯಾರೋ. ಕೆಮ್ಮು ಅಸಲಿಯೇ ಎಂಬ ನಿರ್ಣಯವನ್ನು ಮತಕ್ಕೆ ಹಾಕಲಾಯಿತು. ಅವನಿಗೆ ಮತವಿರಲಿಲ್ಲವಾದ್ದರಿಂದ ನಿರ್ಣಯವು ಸರ್ವಾನುಮತದಿಂದ ಅಂಗೀಕಾರವಾಯಿತು.

ಸಂಜೆ ಮನೆಗೆ ಬಂದಾಗ ಅತ್ತಿಗೆ ಆಗಲೇ ಹೊಸ ರೆಕಾರ್ಡು ಹಚ್ಚಿ ಕೂತಿದ್ದರು. ಅವನು ಬಾಗಿಲಲ್ಲೇ ನಿಂತ. ಗಿಟಾರು ನಿಂತಿತು. ಕೆಮ್ಮು ಬಂತು. ಅತ್ತಿಗೆ ಮುಳ್ಳೆತ್ತಿ ಹಿಂದಕ್ಕಿಟ್ಟು ಮತ್ತೆ ಕೇಳಿದರು. ಇನ್ನೊಮ್ಮೆ ಕೇಳಿದರು. ಅವರ ಕೆನ್ನೆ ಒದ್ದೆಯಾಗಿತ್ತು.

"ಮೊದಲು ಎಲ್ಲೋ ದೂರದಲ್ಲಿ, ಗುಂಪಿನ ಹಿಂದೆ ಇದ್ದರು," ಎಂದರು. "ಈಗ ನೋಡು, ಇಲ್ಲೇ ಹೊಸ್ತಿಲ ಹತ್ತಿರ ಬಂದು ನಿಂತ ಹಾಗಿದೆ."

ಸುಮ್ಮನಿರಬಹುದಿತ್ತು. ಆದರೆ ಈ ಒಬ್ಬರಿಗಾದರೂ ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. "ಅತ್ತಿಗೆ, ನನ್ನನ್ನ ಕ್ಷಮಿಸಿಬಿಡಿ. ಅಣ್ಣನ ಕೆಮ್ಮನ್ನ ಅವರು ತೊಳೆದುಹಾಕಿದ್ದಾರೆ. ಎಲ್ಲೂ ಉಳಿದಿಲ್ಲ. ಅಲ್ಲಿ ಕೆಮ್ಮಿರೋದು ನಾನು."

ಅತ್ತಿಗೆ ಅವನನ್ನೇ ನೋಡಿದರು. ರೆಕಾರ್ಡು ನಿಲ್ಲಿಸಿದರು.

"ಎಲ್ಲಿ, ಕೆಮ್ಮು ನೋಡೋಣ."

ಅವನು ಕೆಮ್ಮಿದ. ಜೀವ ಬಾಯಿಗೆ ಬಂದಿತ್ತು, ಹಾಗಾಗಿ ಕೆಮ್ಮು ಚೆನ್ನಾಗಿಯೇ ಬಂತು. ಕಂಪನಿಯಲ್ಲಿ ಬಂದದ್ದಕ್ಕಿಂತ ಒಂದು ಕೈ ಮೇಲೆಯೇ. ಅತ್ತಿಗೆ ತಲೆ ವಾಲಿಸಿ, ಕಣ್ಣು ಕಿರಿದು ಮಾಡಿ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು ಬಂದು, ಚಿಕ್ಕ ಹುಡುಗನಿಗೆ ಮಾಡುವ ಹಾಗೆ, ಅವನ ತಲೆ ನೇವರಿಸಿದರು.

"ಇಲ್ಲಪ್ಪ. ಅವರ ಗಂಟಲೇ ಬೇರೆ. ನಿಂಗೆ ಅದು ಬರಲ್ಲ. ಬೇಜಾರು ಮಾಡ್ಕೋಬೇಡ."

"ಅಲ್ಲ ಅತ್ತಿಗೆ..."

"ಬಾ, ಇಲ್ಲಿ ಕೂತ್ಕೋ. ನೀನೇ ಕೇಳು."

ಮುಳ್ಳು ಇಟ್ಟರು. ಕನ್ನಡಕದವನು ಪಕ್ಕದಲ್ಲಿ ಕೂತು ಕಿವಿಗೊಟ್ಟ. ಹಾಡು ಹೋಯಿತು, ಗಿಟಾರು ನಿಂತಿತು, ಗೋದಾಮು ಸ್ತಬ್ಧವಾಯಿತು. ಮಫ್ಲರ್ ಸುತ್ತಿಕೊಂಡ ಒಬ್ಬ ಮನುಷ್ಯ ಹಿಂದಿನ ಸಾಲಿನಲ್ಲಿ ನಿಂತು ಕೆಮ್ಮಿದ. ಇಷ್ಟು ವರ್ಷ ಆಯಿತಲ್ಲ, ಎಷ್ಟು ಸ್ಪಷ್ಟವಾಗಿ ಇದ್ದಾನೆ ಎನ್ನಿಸಿತು ಕನ್ನಡಕದವನಿಗೆ.

"ಹೌದು ಅತ್ತಿಗೆ," ಎಂದ, "ಅಣ್ಣನೇ."