ಮೇಣದಲ್ಲಿ ಸಿಕ್ಕಿಬಿದ್ದ ಮುದುಕಿ

ಓದಿದವರ ಮನೆಯ ಹೊಸ್ತಿಲನ್ನು ಭಯ ದಾಟುವುದಿಲ್ಲ ಎಂದು ನಾನು ಚಳಿಗಾಲದ ಆರಂಭದಲ್ಲೇ ಘೋಷಿಸಿಬಿಟ್ಟಿದ್ದೆ! ಘೋಷಿಸಿದ್ದು ಗಂಡನೆದುರು, ಅದೂ ಫೋನಿನಲ್ಲಿ. ದಾರ್ಖಾನ್ ಇರುವುದು ದೂರದ ಎಣ್ಣೆಬಾವಿಯ ಶಿಬಿರದಲ್ಲಿ. ನಾನು ಕರಗಂದಾ ಎಂಬ ಗಣಿಯೂರಿನ ಫ್ಲ್ಯಾಟಿನಲ್ಲಿ, ಎಳೆಗೂಸು ತೊಗ್ಜಾನ್ ಮತ್ತು ಅತ್ತೆಯ ಜೊತೆ. ಕಿಟಕಿಯಾಚೆ ಕಲ್ಲಿದ್ದಲ ಹೊಗೆ, ಕಪ್ಪಾದ ಹಿಮ, ಊಟ ಮುಗಿಯುವಷ್ಟರಲ್ಲಿ ಮಂಕಾಗುವ ಹಗಲು. ನಮ್ಮ ಸಂಸಾರ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು: ಅವನು ಅಲ್ಲಿ, ನಾನು ಇಲ್ಲಿ, ಒಂದೇ ಸಿನಿಮಾ ನೋಡಿ ಅಭಿಪ್ರಾಯ ಹೇಳಿಕೊಳ್ಳುವುದು.

"ನೀನು ದೆವ್ವದ ಸಿನಿಮಾ ನೋಡ್ತೀಯಾ? ನಲ್ಲಿ ಗೊರಗುಟ್ಟಿದ್ರೇ ನನಗೆ ಫೋನ್ ಮಾಡೋಳು!"

"ನಾನು ರಸಾಯನಶಾಸ್ತ್ರ ಓದಿದೋಳು ಕಣೋ. ದೆವ್ವ ಅಂದ್ರೆ ಅರ್ಧ ಹಿಟ್ಟು, ಅರ್ಧ ಕೆಂಪು ಬಣ್ಣ!"

ಮೊದಲು ನೋಡಿದ್ದು ಕಾಮಿಕ್ಸಿನಿಂದ ಎದ್ದುಬಂದ ಮುಖವಾಡದ ವೀರನನ್ನು. ಊರು ಉಳಿಸುವ ಭರದಲ್ಲಿ ಅರ್ಧ ಊರನ್ನೇ ಕೆಡವಿದ ಪುಣ್ಯಾತ್ಮ. ನನ್ನ ಅಭಿಪ್ರಾಯ: ಕೆಸರಾದ ಆ ಮೇಲಂಗಿಯನ್ನು ಒಗೆಯುವ ಹೆಂಗಸಿನ ಮೇಲೆ ಯಾರಾದರೂ ಸಿನಿಮಾ ತೆಗೆಯಲಿ. ಆಮೇಲಿನದು, ಅಭಿಮಾನಿಗಳು ಬಹುಕಾಲದಿಂದ ತಲೆಮೇಲೆ ಹೊತ್ತು ಮೆರೆಸುತ್ತಿರುವ ಹಳೆಯ ಚಿತ್ರ. ರಬ್ಬರು ಮೃಗದ ಬೆನ್ನಲ್ಲಿ ಜಿಪ್ಪು ಕಾಣುತ್ತದೆ. ಇಡೀ ಚಿತ್ರದಲ್ಲಿ ಸಹಜವಾಗಿ ನಟಿಸಿದ್ದು ಆ ಜಿಪ್ಪೊಂದೇ! ಕೊನೆಯದು ನೆಲಮಾಳಿಗೆಯ ಮುದುಕಿಯದು. ತಲೆಗೆ ವಸ್ತ್ರ ಬಿಗಿದು, ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಾಳೆ. "ಬೆಳಕು ಕಡಿಮೆ, ಕಥೆ ಪೊಳ್ಳು" ಎಂದು ಗಂಡನಿಗೆ ತೀರ್ಪು ಕೊಟ್ಟೆ. ನೋಡುವಾಗ ನನ್ನ ದನಿ ಕೊಂಚ ಏರಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

ಅಷ್ಟರಲ್ಲಿ ತೊಗ್ಜಾನ್ ಬೆಚ್ಚತೊಡಗಿದಳು. ತೊಡೆಯ ಮೇಲೆ ಮಲಗಿದ್ದವಳು ಇದ್ದಕ್ಕಿದ್ದಂತೆ ಸೆಟೆದು, ಮುಷ್ಟಿ ಎತ್ತಿ ಅಳುವಳು. ಹಾಲು ಬೇಡ, ನಿದ್ದೆ ಬೇಡ. ನಾನು ಜ್ವರ ನೋಡಿದೆ, ಕಿವಿ ನೋಡಿದೆ, ಇಲ್ಲದ ರೋಗಗಳನ್ನೆಲ್ಲ ಹುಡುಕಿ ಓದಿದೆ. ಡಾಕ್ಟರು ಏನೂ ಇಲ್ಲವೆಂದರು. ಏನೂ ಇಲ್ಲ ಅಂದರೆ ಅವರಿಗೇ ಗೊತ್ತಾಗದಂಥದ್ದು ಎಂದು ಇನ್ನಷ್ಟು ಕಂಗಾಲಾದೆ.

"ಕೂಸು ಹೆದರಿದೆ," ಎಂದರು ಅತ್ತೆ. "ತಲೆಮೇಲೆ ನೀರಿನ ಬಟ್ಟಲು ಹಿಡಿದು, ಸೀಸ ಕಾಯಿಸಿ ಅದಕ್ಕೆ ಹುಯ್ಯೋಣ. ಹೆದರಿಸಿದ್ದು ಯಾವುದೋ ಅದರದ್ದೇ ಆಕಾರ ಬರುತ್ತೆ. ಆ ಸಿನಿಮಾದ ದರಿದ್ರ ಮುಖ ಏನಾದ್ರೂ ಬಂತೋ, ನಿನ್ನ ಟೀವಿ ಬಾಲ್ಕನಿಗೆ! ಚಳಿಗಾಲಕ್ಕೆ ಅಂತ ಅಲ್ಲಿಟ್ಟಿರೋ ಕುದುರೆ ಮಾಂಸದ ಪಕ್ಕ ಹೆಪ್ಪುಗಟ್ಟಲಿ!"

ಟೀವಿ ಹೋದರೆ ದಾರ್ಖಾನನ ಜೊತೆ ನನಗಿನ್ನೇನು ಮಾತು? ಕರೆಂಟ್ ಬಿಲ್ಲು, ಹೊಗೆ, ಕೆಮ್ಮು?

"ಅಪಾ, ಸೀಸ ವಿಷ!" ಎಂದೆ. ಅತ್ತೆಯನ್ನು ನಾನು ಕರೆಯುವುದು ಅಪಾ ಎಂದೇ.

"ನಿನ್ನ ಗಂಡನ ತಲೆಮೇಲೂ ಹುಯ್ದಿದ್ದೆ. ಏನಾಯ್ತು ಅವನಿಗೆ?"

ನಾಲಿಗೆ ತುದಿಗೆ ಬಂದ ಉತ್ತರವನ್ನು ಚಹಾದ ಜೊತೆ ನುಂಗಿದೆ. ಕೊನೆಗೆ ಮೇಣದಬತ್ತಿ ಕರಗಿಸುವುದೆಂದು ರಾಜಿಯಾಯಿತು.

ಪಕ್ಕದ ಮನೆಯ ರಯ್ಖಾನ್ ತಣ್ಣೀರಿನ ಬಟ್ಟಲು ಹಿಡಿದು ನಿಂತಳು. ಕೆಳಗೆ ನನ್ನ ತೊಡೆಯ ಮೇಲೆ ಕೂಸು, ಅದರ ತಲೆಗೆ ಬಟ್ಟೆ. ದೇವರೇ, ನಾಯಿ ಬರಲಿ, ಒಲೆ ಬರಲಿ, ರಯ್ಖಾನಳೇ ಬರಲಿ, ಆ ಮುದುಕಿ ಮಾತ್ರ ಬೇಡ! ಅತ್ತೆ ಬಾಣಲೆ ಬಗ್ಗಿಸಿದರು. ಚುಂಯ್ ಎಂದಿತು. ತೊಗ್ಜಾನ್ ಮುಖವೆತ್ತಿ ಕಿಲಕಿಲ ನಕ್ಕಳು.

ನಾನು ನೋಡಿದ್ದು ಬಾಣಲೆಯಿಂದ ಜಾರುತ್ತಿದ್ದ ಕೊನೆಯ ಬಿಸಿ ಹನಿಯನ್ನು. "ಅಯ್ಯೋ ಮಗೂ!" ಎಂದು ಕಿರುಚಿದ್ದಕ್ಕೆ ಚಾವಣಿಯ ಪಾರಿವಾಳಗಳೆಲ್ಲ ಎದ್ದವು!

ಹನಿ ಬಟ್ಟಲಿಗೇ ಬಿತ್ತು. ಕೂಸು ಸೆಟೆಯಿತು. ಮುಷ್ಟಿ ಎತ್ತಿತು. ಅದೇ ಅಳು, ಇಷ್ಟು ದಿನದ ಅದೇ ಅಳು.

ರಯ್ಖಾನ್ ಇನ್ನೂ ಬಟ್ಟಲಲ್ಲಿ ಇಣುಕುತ್ತಿದ್ದಳು.

"ಅಲ್ಲೇನು ಹುಡುಕ್ತೀಯೆ?" ಎಂದರು ಅತ್ತೆ. "ಹೆದರಿಸಿದ್ದು ಇಲ್ಲೇ ಕೂತಿದೆ."

ನನಗೆ ನಗು ಬರಲಿಲ್ಲ. ಯಾವುದು ನನ್ನ ಮಗುವನ್ನು ಮುಟ್ಟಬಾರದೆಂದು ಹಗಲೆಲ್ಲ ಕಾವಲು ಕೂತಿದ್ದೆನೋ, ಅದು ನನ್ನ ಗಂಟಲಲ್ಲೇ ಮನೆ ಮಾಡಿಕೊಂಡಿತ್ತು. ಕಣ್ಣು ತುಂಬಿತು. ಅತ್ತೆ ಕೂಸನ್ನು ಎತ್ತಿ ರಯ್ಖಾನಳ ಕೈಗಿತ್ತು, ಆ ಬಟ್ಟೆಯನ್ನು ನನ್ನ ತಲೆಗೆ ಹೊದಿಸಿದರು.

"ಅಳ್ಬೇಡ ತಾಯಿ. ಉಳಿದ ಮೇಣ ನಿನಗೆ."

ಬೇರೆ ನೀರು, ಮತ್ತೆ ಚುಂಯ್. ಅತ್ತೆ ಮೇಣದ ಗಟ್ಟಿಯನ್ನು ಬೆಳಕಿಗೆ ಹಿಡಿದರು. ತಲೆವಸ್ತ್ರದ ಗಂಟು, ಮುಂದೆ ಚಾಚಿದ ಮೂಗು. ರಯ್ಖಾನ್ ತುಟಿ ಕಚ್ಚಿಕೊಂಡಳು.

"ಇದು ನಾನು!" ಎಂದರು ಅತ್ತೆ, ತಮ್ಮ ತಲೆವಸ್ತ್ರದ ಗಂಟು ಮುಟ್ಟಿಕೊಂಡು.

"ಇಲ್ಲ ಅಪಾ, ನೀವಲ್ಲ! ಅದು ಸಿನಿಮಾದ ಮುದುಕಿ!"

ಬಾಯಿಂದ ಬಿದ್ದೇಹೋಯಿತು. ಬಾಲ್ಕನಿಯ ಬಾಗಿಲು ಕಣ್ಣಮುಂದೆ ತೆರೆಯಿತು!

"ಓಹೋ. ಹಾಗಾದ್ರೆ ಅವಳು ನನ್ನ ಹಾಗಿದ್ದಾಳೆ. ಹಾಕು, ನೋಡೋಣ."

ಹಾಕಿದೆ. ಅತ್ತೆ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡಿದರು. ಮುದುಕಿ ಮೆಟ್ಟಿಲು ಹತ್ತುವಾಗ ನಾನು ಕಿರುಚದಂತೆ ತಲೆಯ ಬಟ್ಟೆ ಕಚ್ಚಿಕೊಂಡೆ. ತೊಗ್ಜಾನ್ ನಿದ್ದೆಹೋದಳು. ಮುಗಿದ ಮೇಲೆ ಅತ್ತೆ ತಮ್ಮ ಅಭಿಪ್ರಾಯ ಕೊಟ್ಟರು:

"ಪಾಪ, ನೆಲಮಾಳಿಗೆಯಲ್ಲಿ ಒಂಟಿಯಾಗಿ ಬಿಟ್ಟಿದ್ದಾರೆ. ಸೊಸೆ ಅನ್ನೋಳು ಒಂದು ಗುಟುಕು ಚಹಾ ಕೊಡಲ್ಲ. ಮೇಲೆ ಹತ್ತಿ ಬರದೆ ಇನ್ನೇನು ಮಾಡ್ತಾಳೆ?"

ಹಾಗೆಂದು ತಮ್ಮ ಖಾಲಿ ಚಹಾ ಬಟ್ಟಲನ್ನು ನನ್ನ ಕಡೆ ಮೆಲ್ಲಗೆ ಸರಿಸಿದರು.

ನಾನು ಸದ್ದಿಲ್ಲದೆ ಎದ್ದು ಚಹಾ ಬಗ್ಗಿಸಿದೆ. ಆ ಬಟ್ಟಲನ್ನು ಖಾಲಿ ಬಿಡುವಷ್ಟು ಧೈರ್ಯವನ್ನು ಯಾವ ರಸಾಯನಶಾಸ್ತ್ರವೂ ನನಗೆ ಕಲಿಸಿಲ್ಲ!